ಸುಪ್ರೀಂ ಕೋರ್ಟ್ ಏರದ ಮಹಾ ನ್ಯಾಯಾಧೀಶ

ಅಮೆರಿಕದ ಫೆಡರಲ್ ನ್ಯಾಯಾಂಗಕ್ಕೆ ಮೂರು ಮೆಟ್ಟಿಲು: ಕೆಳಗೆ ಜಿಲ್ಲಾ ನ್ಯಾಯಾಲಯ, ನಡುವೆ ಮೇಲ್ಮನವಿ ನ್ಯಾಯಾಲಯ, ಮೇಲೆ ಸುಪ್ರೀಂ ಕೋರ್ಟ್. ಸುಪ್ರೀಂ ಕೋರ್ಟ್ ಆಯ್ದ ಕೆಲವೇ ಮೊಕದ್ದಮೆಗಳನ್ನು ಕೈಗೆತ್ತಿಕೊಳ್ಳುವುದರಿಂದ ಬಹುಪಾಲು ಮೇಲ್ಮನವಿಗಳಿಗೆ ನಡುವಿನ ಮೆಟ್ಟಿಲೇ ಕೊನೆಯದು. ಅಲ್ಲೇ ನಿಂತು, ಸುಪ್ರೀಂ ಕೋರ್ಟಿನ ಅನೇಕರಿಗಿಂತ ದೊಡ್ಡ ಹೆಸರು ಪಡೆದವರು ಲರ್ನೆಡ್ ಹ್ಯಾಂಡ್.

1872ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ, ವಕೀಲರ ಮನೆತನದಲ್ಲಿ ಹುಟ್ಟಿದ ಹ್ಯಾಂಡ್ ಹಾರ್ವರ್ಡ್‌ನಲ್ಲಿ ಕಾನೂನು ಓದಿದರು. ವಕೀಲಿ ವೃತ್ತಿಯಲ್ಲಿ ಅಷ್ಟಾಗಿ ಮಿಂಚಲಿಲ್ಲ. 1909ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ ನೇಮಕಗೊಂಡರು.

1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಯುದ್ಧವನ್ನು ಟೀಕಿಸುತ್ತಿದ್ದ ‘ದಿ ಮ್ಯಾಸಸ್’ ಎಂಬ ಸಮಾಜವಾದಿ ಮಾಸಪತ್ರಿಕೆಯ ಸಂಚಿಕೆಯನ್ನು ಸಾಗಿಸಲು ಅಂಚೆ ಇಲಾಖೆ ನಿರಾಕರಿಸಿತು. ಅದಕ್ಕೆ ಆಧಾರ ಹೊಸ ಬೇಹುಗಾರಿಕೆ ಕಾಯ್ದೆ. ಇಂಥ ಬರಹ ಸೈನಿಕರಲ್ಲಿ ಅವಿಧೇಯತೆ ಬೆಳೆಸುತ್ತದೆ, ಸೇನಾ ನೇಮಕಾತಿಗೆ ಅಡ್ಡಿಯಾಗುತ್ತದೆ ಎಂಬುದು ಸರ್ಕಾರದ ವಾದ. ಹ್ಯಾಂಡ್ ಒಪ್ಪಲಿಲ್ಲ. ಓದಿದವರ ಮನಸ್ಸು ಹೇಗೆ ತಿರುಗೀತೆಂಬ ಊಹೆಯ ಮೇಲೆ ಬಾಯಿ ಕಟ್ಟಿದರೆ ಸರ್ಕಾರವನ್ನು ಟೀಕಿಸುವ ಯಾವ ಮಾತೂ ಉಳಿಯದು. ಕಾನೂನು ಮುರಿಯಿರೆಂದು ನೇರವಾಗಿ ಪ್ರಚೋದಿಸುವ ಮಾತನ್ನು ಮಾತ್ರ ಕಾಯ್ದೆ ತಡೆಯಬಲ್ಲದು ಎಂಬುದು ಅವರ ತೀರ್ಪಿನ ತಿರುಳು.

ಕೆಲವೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಪತ್ರಿಕೆ ನಿಂತುಹೋಯಿತು. ಹ್ಯಾಂಡರಿಗೆ ಬಡ್ತಿಯೂ ತಪ್ಪಿ, ಆ ಸ್ಥಾನ ಮಾರ್ಟಿನ್ ಮ್ಯಾಂಟನ್ ಪಾಲಾಯಿತು. ಹ್ಯಾಂಡ್ ಮೇಲ್ಮನವಿ ನ್ಯಾಯಾಲಯ ತಲುಪಿದ್ದು 1924ರಲ್ಲಿ. ಮ್ಯಾಂಟನ್ 1939ರಲ್ಲಿ ಲಂಚದ ಹಗರಣದಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟರು, ಮುಂದೆ ಜೈಲಿಗೂ ಹೋದರು. ಅವರ ಹಿರಿಯ ಪೀಠ ಹ್ಯಾಂಡರಿಗೇ ಬಂತು.

1942ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಜಾಗ ತೆರವಾಯಿತು. ಆಗ ಹ್ಯಾಂಡರಿಗೆ 70 ವರ್ಷ. ಗೆಳೆಯರು ಎಷ್ಟು ಒತ್ತಾಯಿಸಿದರೂ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ನೇಮಿಸಲಿಲ್ಲ.

ನಡುವಿನ ಮೆಟ್ಟಿಲಿನ ಇಕ್ಕಟ್ಟು 1950ರಲ್ಲಿ ಮತ್ತೆ ಎದುರಾಯಿತು. 11 ಮಂದಿ ಕಮ್ಯುನಿಸ್ಟ್ ನಾಯಕರ ಶಿಕ್ಷೆಯನ್ನು ಹ್ಯಾಂಡ್ ಎತ್ತಿಹಿಡಿದರು. ಅಲ್ಲಿ ಅವರು ಬಳಸಿದ್ದು ತಮ್ಮ 1917ರ ಒರೆಗಲ್ಲನ್ನಲ್ಲ, ಸುಪ್ರೀಂ ಕೋರ್ಟ್ ಹಾಕಿಕೊಟ್ಟ ‘ಸ್ಪಷ್ಟ ಅಪಾಯ’ದ ಒರೆಗಲ್ಲನ್ನು. ಕೆಳಗಿನ ನ್ಯಾಯಾಧೀಶ ಮೇಲಿನವರ ತೀರ್ಪಿಗೆ ಬದ್ಧ. ಆದರೂ ಈ ತೀರ್ಪು ಇಂದಿಗೂ ಟೀಕೆಗೆ ಗುರಿಯಾಗಿದೆ.

ಹ್ಯಾಂಡ್ 1961ರಲ್ಲಿ ತೀರಿಕೊಂಡರು. ಎಂಟು ವರ್ಷಗಳ ಬಳಿಕ ಬ್ರಾಂಡೆನ್‌ಬರ್ಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕೂಡಲೇ ಕಾನೂನುಬಾಹಿರ ಕೃತ್ಯ ನಡೆಸುವಂತೆ ಪ್ರಚೋದಿಸುವ ಮತ್ತು ಅದು ನಡೆಯುವ ಸಂಭವವೂ ಇರುವ ಮಾತಿಗೆ ಮಾತ್ರ ಶಿಕ್ಷೆ ಎಂದಿತು. 52 ವರ್ಷಗಳ ಹಿಂದೆ ತಳ್ಳಿಹಾಕಿದ ತೀರ್ಪಿನ ಮುಖ್ಯ ವಿಚಾರ ಹೀಗೆ ದೇಶದ ಕಾನೂನಿನೊಳಗೆ ಬಂದು ಸೇರಿತು.