ಸೂಪರ್ ಕಂಪ್ಯೂಟರ್ ಕ್ಯೂನಲ್ಲಿ ನಿಮ್ಮ ಜಾಬ್ ಎಲ್ಲಿದೆ? ಪಟ್ಟಿಯನ್ನ ನಿಮಗೆ ಬೇಕಾದ ಹಾಗೆ ನೋಡೋದು ಹೀಗೆ

ಬೆಟ್ಟದಪುರದಿಂದ ಮಾತಾಡ್ತಾ ಇದೀನಿ. ಈ ಸಂಚಿಕೆಯ ವಿಷಯ ಕೇಳಿ ಕೆಲವರು ಸ್ಕಿಪ್ ಬಟನ್ ಒತ್ತಬಹುದು. ಒಂದೆರಡು ನಿಮಿಷ ಇರಿ. ನಾನು ಓದಿರೋದು ಬಿಕಾಂ, ಕಂಪ್ಯೂಟರ್ ಸೈನ್ಸ್ ಅಲ್ಲ. ನನಗೇ ಅರ್ಥ ಆಗಿದೆ ಅಂದ್ರೆ ನಿಮಗೂ ಆಗುತ್ತೆ.

ಪಿರಿಯಾಪಟ್ಟಣ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಪಿಎಚ್‌ಡಿ ಮಾಡ್ತಿದ್ದಾರೆ. ಯಾವ ಸಂಸ್ಥೆ ಅನ್ನೋದು ಬೇಡ. ಹೊಗೆಸೊಪ್ಪು ಕೀಳೋ ಕಾಲಕ್ಕೆ ಊರಿಗೆ ಬಂದಿದ್ರು, ಅಲ್ಲಿಂದಲೇ ಮೊಬೈಲ್‌ನಲ್ಲಿ ಕಾಲೇಜಿನ ಕ್ಲಸ್ಟರ್‌ಗೆ ಲಾಗಿನ್ ಆಗಿ ತಮ್ಮ ಲೆಕ್ಕಗಳು ಎಲ್ಲಿಗೆ ಬಂದ್ವು ಅಂತ ನೋಡ್ತಿದ್ರು. ಆರು ಜಾಬ್ ಓಡ್ತಾ ಇತ್ತು. ಒಂದಕ್ಕೆ ತಪ್ಪು ಇನ್‌ಪುಟ್ ಕೊಟ್ಟಿದ್ದು ಗೊತ್ತಾಗಿ ಅದನ್ನ ಕ್ಯಾನ್ಸಲ್ ಮಾಡಿದ್ರು. ಆಮೇಲೆ ನೋಡಿದ್ರೆ ಕ್ಯಾನ್ಸಲ್ ಆಗಿದ್ದು ಪಕ್ಕದ್ದು, 61 ಗಂಟೆ ಓಡಿ ಮುಗಿಯೋಕೆ ಬಂದಿದ್ದ ಸರಿಯಾದ ಜಾಬ್. ಗೈಡ್‌ಗೆ ರಿಸಲ್ಟ್ ಕೊಡೋಕೆ ಇದ್ದಿದ್ದು ನಾಲ್ಕೇ ದಿನ.

ಯಾಕೆ ಹೀಗಾಯ್ತು? ಅವರ ಆರೂ ಜಾಬ್‌ಗಳ ಹೆಸರು ‘ಪ್ರೋಟೀನ್’ ಅಂತ ಶುರುವಾಗ್ತಿತ್ತು. ಇಂಗ್ಲಿಷ್‌ನಲ್ಲಿ ಆ ಪದ 7 ಅಕ್ಷರ, ಮುಂದೆ ಒಂದು ಅಂಡರ್‌ಸ್ಕೋರ್, ಅಲ್ಲಿಗೆ 8. ಆಮೇಲೆ 300, 310, 320 ಅಂತ ತಾಪಮಾನದ ಸಂಖ್ಯೆ. ಕ್ಯೂ ಪಟ್ಟಿ ಹೆಸರಿನ ಮೊದಲ 8 ಅಕ್ಷರ ಮಾತ್ರ ತೋರಿಸುತ್ತೆ. ಹಾಗಾಗಿ ಆರೂ ಸಾಲಿನಲ್ಲಿ ಒಂದೇ ಹೆಸರು! ವ್ಯತ್ಯಾಸ ಇದ್ದ ಜಾಗವನ್ನೇ ಪಟ್ಟಿ ಕತ್ತರಿಸಿ ಹಾಕಿತ್ತು.

ಕ್ಲಸ್ಟರ್ ಅಂದ್ರೆ ನೂರಾರು ಕಂಪ್ಯೂಟರ್‌ಗಳನ್ನ ಜೋಡಿಸಿ ಒಂದೇ ಯಂತ್ರದ ಹಾಗೆ ಬಳಸೋದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ ಇದೆಯಲ್ಲ, ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್. ಅಂದ್ರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ. ಇಂಥ ಯಂತ್ರದ ಮುಂದೆ ಯಾರೂ ನೇರವಾಗಿ ಕೂತು ಕೆಲಸ ಮಾಡಲ್ಲ. ‘ನನಗೆ ಇಷ್ಟು ಕಂಪ್ಯೂಟರ್, ಇಷ್ಟು ಗಂಟೆ ಬೇಕು’ ಅಂತ ಅರ್ಜಿ ಹಾಕಬೇಕು. ಆ ಅರ್ಜಿಯೇ ಜಾಬ್. ಅರ್ಜಿಗಳನ್ನ ಸಾಲಾಗಿ ನಿಲ್ಲಿಸಿ, ಯಾರಿಗೆ ಯಾವಾಗ ಜಾಗ ಅಂತ ತೀರ್ಮಾನ ಮಾಡೋ ಸಾಫ್ಟ್‌ವೇರ್‌ಗೆ ಬ್ಯಾಚ್ ಶೆಡ್ಯೂಲರ್ ಅಂತಾರೆ. ಪ್ರವೇಗದಲ್ಲೂ, ಪ್ರಪಂಚದ ಇನ್ನೂ ಅನೇಕ ದೊಡ್ಡ ಯಂತ್ರಗಳಲ್ಲೂ ಇರೋದು ‘ಸ್ಲರ್ಮ್’. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಪುಕ್ಕಟೆ ಸಾಫ್ಟ್‌ವೇರ್. (ಫ್ಯೂಚರಾಮ ಕಾರ್ಟೂನ್ ನೋಡಿರೋರಿಗೆ ಈ ಹೆಸರಿನ ತಂಪು ಪಾನೀಯ ನೆನಪಾಗಬಹುದು!)

ಸ್ಲರ್ಮ್‌ನಲ್ಲಿ ಸಾಲು ನೋಡೋ ಕಮಾಂಡ್ ‘ಎಸ್‌ಕ್ಯೂ’. ಎಸ್ ಅಕ್ಷರ, ಅದಕ್ಕೆ ಅಂಟಿಸಿ ಸಾಲು ಅನ್ನೋ ಅರ್ಥದ ಕ್ಯೂ ಪದ, ಎಲ್ಲ ಸಣ್ಣಕ್ಷರ. ಹಾಗೇ ಒತ್ತಿದ್ರೆ ಯಂತ್ರದಲ್ಲಿರೋ ಎಲ್ಲರ ಜಾಬ್ ಪಟ್ಟಿ ಬರುತ್ತೆ, ಎಂಟು ಕಾಲಂ: ಜಾಬ್ ನಂಬರ್, ಪಾರ್ಟಿಷನ್, ಹೆಸರು, ಬಳಕೆದಾರ, ಸ್ಥಿತಿ, ಓಡಿದ ಸಮಯ, ನೋಡ್ ಸಂಖ್ಯೆ, ಕೊನೆಗೆ ಯಾವ ನೋಡ್ ಅಥವಾ ಯಾಕೆ ಕಾಯ್ತಿದೆ ಅನ್ನೋ ಕಾರಣ. ಮೊದಲ ಏಳು ಕಾಲಂ ಸೇರಿನೇ 68 ಅಕ್ಷರ ಅಗಲ. ಮೊಬೈಲನ್ನ ನೆಟ್ಟಗೆ ಹಿಡಿದ್ರೆ ಅಷ್ಟು ಹಿಡಿಸಲ್ಲ, ಒಂದೊಂದು ಸಾಲೂ ಮುರಿದು ಎರಡಾಗುತ್ತೆ.

ಕಂಪಲಾಪುರದ ತಂಬಾಕು ಹರಾಜಿಗೆ ಹೋದವರಿಗೆ ಇದು ಬೇಗ ಹೊಳೆಯುತ್ತೆ. ಇವತ್ತು ಒಟ್ಟು ಎಷ್ಟು ಬೇಲ್ ಬಂದಿದೆ ಅನ್ನೋದು ಹರಾಜು ನಡೆಸೋರಿಗೆ ಬೇಕಾದ ಲೆಕ್ಕ. ರೈತನಿಗೆ ಬೇಕಾಗಿರೋದು ‘ನನ್ನ ಬೇಲ್ ಯಾವಾಗ?’ ಅನ್ನೋದು. ಎಸ್‌ಕ್ಯೂ ತಾನಾಗಿ ಕೊಡೋದು ಮೊದಲನೇ ಥರದ ಲೆಕ್ಕ. ಎರಡನೇದು ಬೇಕು ಅಂದ್ರೆ ನಾವೇ ಕೇಳಬೇಕು.

ಕೇಳೋದು ಹೇಗೆ? ಕಮಾಂಡ್ ಮುಂದೆ ಎರಡು ಡ್ಯಾಶ್ ಹಾಕಿ ‘ಮಿ’ ಅಂತ ಸೇರಿಸಿ. ನಿಮ್ಮ ಜಾಬ್ ಮಾತ್ರ ಉಳಿಯುತ್ತೆ. ಹಳೆಯ ಆವೃತ್ತಿಯಲ್ಲಿ ಇದು ನಡೀಲಿಲ್ಲ ಅಂದ್ರೆ ಡ್ಯಾಶ್ ಯು, ಆಮೇಲೆ ನಿಮ್ಮ ಯೂಸರ್ ನೇಮ್. ನಂತರ ಡ್ಯಾಶ್ ಓ, ಅದರ ಮುಂದೆ ಡಬಲ್ ಕೋಟ್ ಒಳಗೆ ನಿಮಗೆ ಬೇಕಾದ ಕಾಲಂಗಳು. ಪ್ರತಿ ಕಾಲಮ್ಮಿಗೂ ಒಂದು ಪರ್ಸೆಂಟ್ ಚಿಹ್ನೆ, ಅಗಲದ ಸಂಖ್ಯೆ, ಒಂದು ಅಕ್ಷರ. ಸಂಖ್ಯೆಯ ಹಿಂದೆ ಚುಕ್ಕಿ ಇಟ್ರೆ ಬರಹ ಬಲಕ್ಕೆ ಒತ್ತಿ ನಿಲ್ಲುತ್ತೆ, ಇಲ್ಲದಿದ್ರೆ ಎಡಕ್ಕೆ. ಟ್ಯಾಲಿಯಲ್ಲಿ ರಿಪೋರ್ಟ್ ಕಾಲಂ ಜೋಡಿಸಿದ ಹಾಗೇ, ಮೌಸ್ ಇಲ್ಲ ಅಷ್ಟೇ.

ಆ ಕೇಳುಗರಿಗೆ ನಾನು ಬರೆದು ಕಳಿಸಿದ್ದು ಇದು: ಪರ್ಸೆಂಟ್ ಚುಕ್ಕಿ 8 ಐ, ಪರ್ಸೆಂಟ್ 12 ಜೆ, ಪರ್ಸೆಂಟ್ 2 ಟಿ, ಪರ್ಸೆಂಟ್ ಚುಕ್ಕಿ 10 ದೊಡ್ಡ ಎಲ್, ಪರ್ಸೆಂಟ್ ಆರ್. ಮಧ್ಯೆ ಒಂದೊಂದು ಸ್ಪೇಸ್. ಐ ಅಂದ್ರೆ ಜಾಬ್ ನಂಬರ್, ಜೆ ಅಂದ್ರೆ ಹೆಸರು (ಈಗ 12 ಅಕ್ಷರ, ಅಂದ್ರೆ 300, 310 ಎಲ್ಲ ಕಾಣುತ್ತೆ), ಟಿ ಅಂದ್ರೆ ಸ್ಥಿತಿ, ಕೊನೆಯ ಆರ್ ಅಂದ್ರೆ ಕಾರಣ. ಕಾರಣ ಬಿಟ್ಟು ಅಗಲ ಲೆಕ್ಕ ಹಾಕಿದ್ರೆ 36 ಅಕ್ಷರ. ಮೊಬೈಲ್‌ಗೆ ಸಾಕು.

ಎಲ್ ಬಗ್ಗೆ ಒಂದು ಮಾತು. ಸಣ್ಣ ಎಲ್ ಹಾಕಿದ್ರೆ ನೀವು ಕೇಳಿದ ಒಟ್ಟು ಸಮಯ ಬರುತ್ತೆ, ದೊಡ್ಡ ಎಲ್ ಹಾಕಿದ್ರೆ ಇನ್ನು ಉಳಿದಿರೋ ಸಮಯ. ಮಾಮೂಲಿ ಪಟ್ಟಿ ತೋರಿಸೋದು ಎಷ್ಟು ಓಡಿದೆ ಅಂತ. ಆದ್ರೆ ನೀವು ಕೇಳಿದ ಸಮಯ ಮುಗಿದ ಮೇಲೆ ಸ್ಲರ್ಮ್ ಜಾಬನ್ನ ನಿಲ್ಲಿಸಿಬಿಡುತ್ತೆ, ಲೆಕ್ಕ ಅರ್ಧಕ್ಕೆ ಇದ್ರೂ ಸರಿ. ಹಾಗಿರುವಾಗ ಉಳಿದ ಸಮಯವೇ ಮುಖ್ಯ ಅಲ್ವಾ? ಪ್ರಿಪೇಯ್ಡ್ ಸಿಮ್‌ನಲ್ಲಿ ನಾವು ನೋಡೋದು ಬ್ಯಾಲೆನ್ಸ್ ತಾನೇ.

ಇನ್ನು ಕಾರಣದ ಕಾಲಂ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಜಾಸ್ತಿ ಕೆಲಸಕ್ಕೆ ಬರೋದು ಇದೇ, ಜನ ಓದದೇ ಬಿಡೋದೂ ಇದನ್ನೇ. ಸ್ಥಿತಿಯಲ್ಲಿ ‘ಪಿಡಿ’ ಅಂತ ಇದ್ರೆ ಪೆಂಡಿಂಗ್. ಆದ್ರೆ ಪೆಂಡಿಂಗ್‌ನಲ್ಲೂ ಜಾತಿ ಇದೆ. ‘ಪ್ರಯಾರಿಟಿ’ ಅಂತ ಬಂದ್ರೆ ನಿಮಗಿಂತ ಮುಂದೆ ಬೇರೆಯವರಿದ್ದಾರೆ. ‘ರಿಸೋರ್ಸಸ್’ ಅಂದ್ರೆ ನಿಮ್ಮ ಸರದಿ ಬಂದಿದೆ, ಯಂತ್ರ ಖಾಲಿಯಾಗೋದನ್ನ ಕಾಯ್ತಿದೆ. ಇವೆರಡೂ ಬಂದ್ರೆ ಆರಾಮಾಗಿ ಊಟ ಮಾಡಿ ಮಲಗಿ. ಆದ್ರೆ ‘ಪಾರ್ಟಿಷನ್ ಟೈಮ್ ಲಿಮಿಟ್’ ಅಂತ ಇದ್ರೆ, ಆ ಸಾಲಿನಲ್ಲಿ ಕೊಡೋದಕ್ಕಿಂತ ಜಾಸ್ತಿ ಗಂಟೆ ಕೇಳಿದ್ದೀರಿ ಅಂತ ಅರ್ಥ. ‘ಡಿಪೆಂಡೆನ್ಸಿ ನೆವರ್ ಸ್ಯಾಟಿಸ್ಫೈಡ್’ ಅಂತ ಇದ್ರೆ, ಇದು ಕಾಯ್ತಿದ್ದ ಹಿಂದಿನ ಜಾಬ್ ಕೆಟ್ಟುಹೋಗಿದೆ. ಈ ಎರಡರಲ್ಲಿ ಒಂದು ವಾರ ಕಾದ್ರೂ ಏನೂ ಆಗಲ್ಲ. ನೀವೇ ಕೈ ಹಾಕಿ ಸರಿಮಾಡಬೇಕು. ಬರೀ ಪಿಡಿ ನೋಡ್ಕೊಂಡು ಕೂತವರಿಗೆ ಈ ವ್ಯತ್ಯಾಸ ಗೊತ್ತೇ ಆಗಲ್ಲ, ದಿನಗಳು ಹೋಗ್ತಾ ಇರ್ತವೆ.

‘ಯಾವಾಗ ಶುರುವಾಗುತ್ತೆ?’ ಅನ್ನೋದಕ್ಕೆ ಎರಡು ಡ್ಯಾಶ್, ಸ್ಟಾರ್ಟ್. ಅಂದಾಜು ಸಮಯ ಕೊಡುತ್ತೆ, ಕೆಲವೊಮ್ಮೆ ಕೊಡೋದೇ ಇಲ್ಲ. ಅದನ್ನ ಲಗ್ನಪತ್ರಿಕೆಯ ಮುಹೂರ್ತ ಅಂದ್ಕೋಬೇಡಿ. ಎಲ್ಲರೂ ಕೇಳಿರೋ ಗಂಟೆಗಳ ಮೇಲೆ ಹಾಕಿರೋ ಲೆಕ್ಕ ಅದು. ಯಾರದ್ದಾದ್ರೂ ಬೇಗ ಮುಗಿದ್ರೆ, ಹೊಸಬರು ಮುಂದೆ ಬಂದ್ರೆ ಬದಲಾಗುತ್ತೆ. ಅಂದ ಹಾಗೆ, ಹೆಚ್ಚಿನ ಕಡೆ ದೊಡ್ಡ ಜಾಬ್‌ಗಳ ನಡುವಿನ ಸಂದಿಯಲ್ಲಿ ಚಿಕ್ಕ ಜಾಬ್‌ಗಳನ್ನ ತೂರಿಸೋ ವ್ಯವಸ್ಥೆ ಇರುತ್ತೆ, ಮುಂದೆ ಇರೋರಿಗೆ ತಡ ಆಗಬಾರದು ಅಷ್ಟೇ. ಹಾಗಾಗಿ 10 ಗಂಟೆ ಸಾಕಾಗೋ ಕಡೆ 96 ಗಂಟೆ ಕೇಳಿದ್ರೆ ಆ ಸಂದಿಯಲ್ಲಿ ನೀವು ಹಿಡಿಸಲ್ಲ. ಹಾಗಂತ ಸರಿಯಾಗಿ 10 ಕೇಳೋದೂ ಬೇಡ, ಸ್ವಲ್ಪ ಕೈ ಬಿಟ್ಟು ಕೇಳಿ.

ಇಷ್ಟುದ್ದದ ಕಮಾಂಡ್ ಪ್ರತಿ ಸಲ ಯಾರು ಟೈಪ್ ಮಾಡ್ತಾರೆ? ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗೋ ‘ಬ್ಯಾಶ್ಆರ್‌ಸಿ’ ಅನ್ನೋ ಫೈಲ್ ಇರುತ್ತೆ. ಅದರಲ್ಲಿ ಒಂದು ಏಲಿಯಾಸ್ ಬರೆದಿಡಿ. ಹೊರಗೆ ಸಿಂಗಲ್ ಕೋಟ್, ಒಳಗೆ ಡಬಲ್ ಕೋಟ್. ‘ಸಾಲು’ ಅಂತ ಹೆಸರಿಟ್ಟರೆ, ಮುಂದಿನ ಲಾಗಿನ್‌ನಿಂದ ಆ ನಾಲ್ಕೈದು ಅಕ್ಷರ ಒತ್ತಿದ್ರೆ ಮುಗೀತು. ‘ಎಸ್‌ಕ್ಯೂ ಫಾರ್ಮ್ಯಾಟ್’ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಇಡೋ ದಾರಿಯೂ ಇದೆ. ಆದ್ರೆ ಅದು ನಿಮ್ಮ ಸ್ಕ್ರಿಪ್ಟ್‌ಗಳ ಒಳಗೆ ಓಡೋ ಎಸ್‌ಕ್ಯೂ ಮೇಲೂ ಪರಿಣಾಮ ಬೀರುತ್ತೆ, ಹಳೆ ಕಾಲಂ ನಂಬಿಕೊಂಡ ಸ್ಕ್ರಿಪ್ಟ್ ದಾರಿ ತಪ್ಪುತ್ತೆ. ನನ್ನ ಓಟು ಏಲಿಯಾಸ್‌ಗೇ.

ಒಂದು ವಿನಂತಿ. ಇದನ್ನ ಸೆಕೆಂಡಿಗೊಂದು ಸಲ ಓಡಿಸೋ ಹಾಗೆ ಲೂಪ್‌ಗೆ ಹಾಕಬೇಡಿ. ಪ್ರತಿ ಸಲವೂ ಅದು ಹೋಗಿ ಕೇಳೋದು ಇಡೀ ಯಂತ್ರದ ಸಾಲು ನೋಡ್ಕೊಳ್ಳೋ ಒಂದೇ ಪ್ರೋಗ್ರಾಂ ಅನ್ನ. ಎಲ್ಲರೂ ಹಾಗೆ ಮಾಡಿದ್ರೆ ಎಲ್ಲರ ಸಾಲೂ ನಿಧಾನ ಆಗುತ್ತೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೋಡಿದ್ರೆ ಏನೂ ಮುಳುಗಲ್ಲ.

ನಿಮ್ಮ ಕಾಲೇಜಿನಲ್ಲಿ ಸ್ಲರ್ಮ್ ಬದಲು ಪಿಬಿಎಸ್ ಇದ್ರೆ ಅಲ್ಲಿ ಕಮಾಂಡ್ ‘ಕ್ಯೂಸ್ಟ್ಯಾಟ್’. ಅದೂ ಉದ್ದ ಹೆಸರು ಕತ್ತರಿಸುತ್ತೆ. ಡ್ಯಾಶ್ ಎ, ಡ್ಯಾಶ್ ಡಬ್ಲ್ಯೂ ಎರಡನ್ನೂ ಕೊಟ್ರೆ ಅಗಲವಾದ ಪಟ್ಟಿ ಸಿಗುತ್ತೆ, ಡ್ಯಾಶ್ ಎಫ್ ಜೊತೆ ಜಾಬ್ ನಂಬರ್ ಕೊಟ್ರೆ ಆ ಜಾಬಿನ ಪೂರ್ತಿ ಜಾತಕ.