ಊರ ವರ್ತಮಾನವೂ ಅಂಗೈಯ ಯಂತ್ರವೂ

1843ನೆಯ ಇಸವಿ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಿಂದ ಹೊರಬಿದ್ದ ‘ಮಂಗಳೂರ ಸಮಾಚಾರ’ವು ಹದಿನೈದು ದಿನಗಳಿಗೊಮ್ಮೆ ವಾಚಕರ ಕೈ ಸೇರುತ್ತಿದ್ದ ಪತ್ರಿಕೆ, ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಅದರ ಸಂಪಾದಕರು. ಅಂದಿನಿಂದ ಮೊದಲ್ಗೊಂಡು ಒಂದೂವರೆ ಶತಮಾನಕ್ಕೂ ಮಿಗಿಲಾದ ಕಾಲ ಕನ್ನಡ ವೃತ್ತಪತ್ರಿಕೆಯ ಕ್ರಮವು ಬಹುಮಟ್ಟಿಗೆ ಒಂದೇ ಆಗಿದ್ದಿತು: ಪತ್ರಿಕೆ ಹೇಳುವುದು, ವಾಚಕನು ಕೇಳುವುದು. ವಾಚಕನಿಗೂ ಹೇಳತಕ್ಕದ್ದೇನಾದರೂ ಇದ್ದಲ್ಲಿ ಅಂಚೆ ಕಾರ್ಡಿನಲ್ಲಿ ಬರೆದು ಹಾಕಿ, ಅದು ಅಚ್ಚಾಗುವುದೋ ಕಸದ ಬುಟ್ಟಿಗೆ ಬೀಳುವುದೋ ಎಂದು ಕಾದಿರಬೇಕಾಗಿತ್ತು.

ಆದರೆ ಜಿಲ್ಲೆಯ ಪತ್ರಿಕೆಯ ವಾಚಕನು ರಾಜಧಾನಿಯ ಪತ್ರಿಕೆಯ ವಾಚಕನಂಥವನಲ್ಲ. ಮಡಿಕೇರಿಯ ‘ಶಕ್ತಿ’, ಮೈಸೂರಿನ ‘ಆಂದೋಲನ’ ಮೊದಲಾದ ಪತ್ರಿಕೆಗಳನ್ನು ಓದುವವನು ವಾರ್ತೆಯ ನೆರೆಮನೆಯವನು. ಇಂಥ ಹೊಳೆಯ ಸೇತುವೆ ಬಿರುಕುಬಿಟ್ಟಿದೆಯೆಂದು ಅಚ್ಚಾದರೆ, ಅದನ್ನು ಅಂದು ಬೆಳಗ್ಗೆ ತಾನೇ ದಾಟಿಬಂದವನು ಆ ಸುದ್ದಿಯನ್ನು ಓದುತ್ತಾನೆ. ಬಿರುಕು ಯಾವ ಕಂಬದಲ್ಲಿದೆಯೆಂಬುದು ವರದಿಗಾರನಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಈ ಅರಿವನ್ನು ಪತ್ರಿಕೆಗೆ ತಲಪಿಸಲು ಹಿಂದೆ ಸುಲಭವಾದ ದಾರಿಯಿರಲಿಲ್ಲ. ಈಗ ಫೇಸ್‌ಬುಕ್ಕು, ವಾಟ್ಸ್‌ಆ್ಯಪು, ಯೂಟ್ಯೂಬುಗಳೆಂಬ ಸಾಮಾಜಿಕ ಜಾಲತಾಣಗಳು ಆ ದಾರಿಯನ್ನು ತೆರೆದಿವೆ. ಪತ್ರಿಕೆಗಳಿಗೆ ಇವುಗಳಿಂದ ಆಗಿರುವ ಪ್ರಯೋಜನಗಳಲ್ಲಿ, ನನ್ನ ಎಣಿಕೆಯಲ್ಲಿ, ಇದೇ ಶ್ರೇಷ್ಠವಾದುದು. ಹೆಚ್ಚು ಜನರಿಗೆ ಸುದ್ದಿ ಮುಟ್ಟಿತೆಂಬ ಹಿಗ್ಗು ಅದರ ಮುಂದೆ ಸಣ್ಣದು.

ಜನರನ್ನು ಸೆಳೆಯುವುದಕ್ಕೆ ಚಮತ್ಕಾರದ ಶೀರ್ಷಿಕೆಗಳೂ ಬೆಚ್ಚಿಬೀಳಿಸುವ ಚಿತ್ರಗಳೂ ಬೇಕೆಂದು ಭಾವಿಸುವವರು ಶಿವಮೊಗ್ಗ, ಸಾಗರ, ಶಿರಸಿಗಳ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಒಮ್ಮೆ ಇಣಿಕಿ ನೋಡಬೇಕು. ಅಲ್ಲಿ ಪ್ರತಿದಿನವೂ ಬಂದು ಬೀಳುವ ಅಡಿಕೆ ಧಾರಣೆಯ ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಹೆಸರುಗಳೂ ಅವುಗಳ ಮುಂದೆ ಕನಿಷ್ಠ ಗರಿಷ್ಠ ದರಗಳೂ ಅಲ್ಲದೆ ಮತ್ತೇನೂ ಇರುವುದಿಲ್ಲ. ಮಂಡ್ಯದ ಕಡೆ ಹೋದರೆ ಕೃಷ್ಣರಾಜಸಾಗರದ ನೀರಿನ ಮಟ್ಟ: ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಈ ಒಣ ಅಂಕಿಗಳಿಗಾಗಿ ಕಾದಿರುವ ರೈತನು, ಅವುಗಳ ಬೆನ್ನಿಗೆ ಬಂದ ನಾಲೆಯ ಹೂಳಿನ ವರದಿಯನ್ನೂ ಓದುತ್ತಾನೆ.

ಮಳೆಗಾಲದ ಒಂದು ಸಂಜೆಯನ್ನು ತೆಗೆದುಕೊಳ್ಳೋಣ. ಕರಾವಳಿಯಲ್ಲಾಗಲಿ ಕೊಡಗಿನಲ್ಲಾಗಲಿ ಆಷಾಢದ ಮಳೆ ಹಿಡಿಯಿತೆಂದರೆ ದೀಪ ಹಚ್ಚುವ ಹೊತ್ತಿಗೆ ಗುಂಪುಗಳಲ್ಲೆಲ್ಲ ಒಂದೇ ಪ್ರಶ್ನೆ: ‘ನಾಳೆ ರಜೆ ಉಂಟಾ?’ ಸ್ವಲ್ಪ ಹೊತ್ತಿನಲ್ಲಿಯೇ ಜಿಲ್ಲಾಧಿಕಾರಿಗಳ ಆದೇಶವೆಂಬ ಹಾಳೆಯೊಂದರ ಚಿತ್ರ ಹರಿದಾಡತೊಡಗುತ್ತದೆ. ಮೊಹರು ಸರಿಯಾಗಿದೆ, ಸಹಿ ಸರಿಯಾಗಿದೆ. ಆದರೆ ಸಹಿ ಹಾಕಿದ ಅಧಿಕಾರಿಗೆ ವರ್ಗವಾಗಿ ತಿಂಗಳುಗಳೇ ಸಂದಿವೆ, ದಿನಾಂಕದ ಅಕ್ಷರಗಳು ಮಿಕ್ಕ ಅಕ್ಷರಗಳಿಗಿಂತ ತುಸು ದಪ್ಪವಾಗಿವೆ. ಕಳೆದ ವರ್ಷದ ಆದೇಶವನ್ನು ಯಾವನೋ ತಿದ್ದಿ ಬಿಟ್ಟಿದ್ದಾನೆ. ಸ್ಥಳೀಯ ವರದಿಗಾರನು ಜಿಲ್ಲಾಧಿಕಾರಿಗಳ ಕಚೇರಿಗೋ ವಾರ್ತಾ ಇಲಾಖೆಗೋ ದೂರವಾಣಿ ಮಾಡಿ ವಿಚಾರಿಸಿ, ಅದೇ ಚಿತ್ರದ ಮೇಲೆ ಕೆಂಪಕ್ಷರದಲ್ಲಿ ‘ಸುಳ್ಳು’ ಎಂದು ಬರೆದು ಮರಳಿ ಹಾಕುತ್ತಾನೆ. ನಿಜವಾದ ಆದೇಶ ಆಮೇಲೆ ಹೊರಟಿತೆನ್ನಿ. ಆಗ ಪ್ರಶ್ನೆಗಳ ಮಳೆ: ಅಂಗನವಾಡಿಗೂ ಉಂಟಾ, ಪಿಯು ಕಾಲೇಜಿಗೂ ಉಂಟಾ, ನಮ್ಮ ತಾಲ್ಲೂಕಿಗೂ ಉಂಟಾ? ಒಂದೊಂದಕ್ಕೂ ಬೇಸರಪಡದೆ ಉತ್ತರಿಸುವವನನ್ನು ತಾಯಂದಿರು ಮರೆಯುವುದಿಲ್ಲ. ಕಡಲ್ಕೊರೆತದ ಪರಿಹಾರ ಹಂಚಿಕೆಯಲ್ಲಿ ಮೋಸವಾದಾಗ ಮೊದಲು ಕರೆ ಬರುವುದೂ ಅವನಿಗೇ.

ಇಂತಹವನೊಬ್ಬನು ಇಲ್ಲದೆಡೆ ಏನಾಗಬಹುದೆಂಬುದನ್ನು ನಾವು ಕಂಡಿದ್ದೇವೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನರ ಗುಂಪು ಹೈದರಾಬಾದಿನ ತರುಣ ಎಂಜಿನಿಯರರೊಬ್ಬರನ್ನು ಹೊಡೆದು ಕೊಂದಿತು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ರವಾನಿಸಲಾಗದಂತೆ ವಾಟ್ಸ್‌ಆ್ಯಪ್ ಸಂಸ್ಥೆ ನಮ್ಮ ದೇಶದಲ್ಲಿ ಕಟ್ಟುಪಾಡು ಸಾರಿದ್ದು ಆ ತಿಂಗಳೇ.

ಊರು ಬಿಟ್ಟವರ ಮಾತು ಬೇರೆ. ಕರಾವಳಿಯವರು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋಗಿ ನೆಲೆಸಿದ ಕಾರಣದಿಂದಲೇ ಮಂಗಳೂರಿನ ‘ದಾಯ್ಜಿವರ್ಲ್ಡ್’ನಂತಹ ಜಾಲಪತ್ರಿಕೆಗಳು ಬೇಗನೆ ಬೆಳೆದವು. ಕಂಬಳವೋ ಯಕ್ಷಗಾನದ ಆಟವೋ ನೇರಪ್ರಸಾರವಾದರೆ ದುಬೈಯಲ್ಲಿ ಕುಳಿತು ನೋಡುವವರುಂಟು. ಆದರೂ ಇವರು ಪ್ರತಿದಿನ ತಪ್ಪದೆ ನೋಡುವುದು ನಿಧನವಾರ್ತೆಯನ್ನು. ಹಿಂದೆ ಅದು ಮೂರನೆಯ ದಿನ ಅಂಚೆಯಲ್ಲಿ ಬಂದರೆ ಮರುಗುವುದಷ್ಟೇ ಉಳಿದಿರುತ್ತಿತ್ತು. ಈಗ ಅಂತ್ಯಕ್ರಿಯೆಯ ವೇಳೆ ತಿಳಿದು ಮುಂಬಯಿಯಲ್ಲಿರುವವನು ರಾತ್ರಿಯ ಬಸ್ಸನ್ನು ಹಿಡಿಯಬಹುದು.

ಇಷ್ಟು ಹೇಳಿದ ಮೇಲೆ ಪ್ರತಿಕ್ರಿಯೆಗಳ ವಿಷಯವನ್ನು ಮರೆಮಾಚಲಾಗದು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ಮಾಧ್ಯಮಗಳಲ್ಲಿ ಹೊರಬೀಳಕೂಡದೆಂದು 2012ರ ಪೋಕ್ಸೊ ಕಾಯಿದೆ ವಿಧಿಸುತ್ತದೆ. ವರದಿಗಾರನು ಕಾಯಿದೆಗೆ ತಲೆಬಾಗಿ ಹೆಸರನ್ನೂ ಊರನ್ನೂ ಬಿಟ್ಟು ಬರೆಯುತ್ತಾನೆ. ಅದರ ಕೆಳಗೆ, ಅರ್ಧ ಗಂಟೆ ಕಳೆಯುವುದರೊಳಗೆ, ‘ಇಂಥವರ ಮಗಳಲ್ಲವೇ?’ ಎಂದು ಊರವನೊಬ್ಬನು ಕೇಳಿಬಿಡುತ್ತಾನೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನ ಸದ್ಗುಣವೇ ಅಲ್ಲಿ ಅಪಾಯವಾಗಿ ಪರಿಣಮಿಸುತ್ತದೆ. ತಮ್ಮ ಫೇಸ್‌ಬುಕ್ ಪುಟದಲ್ಲಿ ಅನ್ಯರು ಬರೆದ ಮಾತುಗಳಿಗೂ ಪತ್ರಿಕೆಗಳನ್ನೇ ಪ್ರಕಾಶಕರೆಂದು ಎಣಿಸಬೇಕೆಂದು ಆಸ್ಟ್ರೇಲಿಯಾದ ಪರಮೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ನಮ್ಮ ನೆಲದಲ್ಲಿ ಆ ತೀರ್ಪಿಗೆ ಬಲವಿಲ್ಲದಿರಬಹುದು. ಪ್ರತಿಕ್ರಿಯೆಗಳನ್ನು ಕಾಯುವುದು ಸಂಪಾದಕೀಯ ಕೆಲಸವೇ ಹೊರತು ಗಣಕಯಂತ್ರದ ಹುಡುಗನಿಗೆ ಒಪ್ಪಿಸಿ ಮಲಗುವ ಕೆಲಸವಲ್ಲವೆಂಬ ವಿವೇಕಕ್ಕೆ ಮಾತ್ರ ದೇಶದ ಗಡಿಯಿಲ್ಲ.

ಇನ್ನೊಂದು ತೊಡಕು, ಪರರ ಜಗುಲಿಯಲ್ಲಿ ಅಂಗಡಿ ಹೂಡಿದವನ ತೊಡಕು. ಸುದ್ದಿಗೆ ಪ್ರತಿಯಾಗಿ ಜಾಲತಾಣಗಳು ಪತ್ರಿಕೆಗಳಿಗೆ ಹಣ ಕೊಡಬೇಕೆಂದು ಕೆನಡಾ ದೇಶ 2023ರಲ್ಲಿ ಶಾಸನ ಮಾಡಲು, ಫೇಸ್‌ಬುಕ್ಕಿನ ಒಡೆತನವುಳ್ಳ ಮೆಟಾ ಸಂಸ್ಥೆ ಆ ಆಗಸ್ಟಿನಿಂದ ಅಲ್ಲಿನ ಜನರಿಗೆ ಸುದ್ದಿಯೇ ಕಾಣದಂತೆ ಬಾಗಿಲೆಳೆಯಿತು. ಅದೇ ತಿಂಗಳು ಉತ್ತರದ ಯೆಲ್ಲೋನೈಫ್ ಪಟ್ಟಣದತ್ತ ಕಾಡ್ಗಿಚ್ಚು ಸರಿದುಬಂದು, ಸುಮಾರು 20,000 ಜನರು ಮನೆ ತೊರೆದು ಹೊರಡಬೇಕಾಯಿತು. ಯಾವ ರಸ್ತೆ ತೆರೆದಿದೆ, ಎಲ್ಲಿ ಆಶ್ರಯವಿದೆಯೆಂದು ಊರಿನ ಪತ್ರಕರ್ತರು ಬರೆಯುತ್ತಿದ್ದರು. ಆ ಬರಹಗಳ ಕೊಂಡಿಯನ್ನು ಫೇಸ್‌ಬುಕ್ಕಿನಲ್ಲಿ ಹಂಚುವಂತಿರಲಿಲ್ಲವಾಗಿ ಜನರು ಬರಹದ ಚಿತ್ರ ತೆಗೆದು ಹಂಚಿಕೊಂಡರು.

ಆದ್ದರಿಂದ ವಾಚಕರ ದೂರವಾಣಿ ಸಂಖ್ಯೆಗಳನ್ನು ತಮ್ಮದೇ ದಫ್ತರಿನಲ್ಲಿ ಬರೆದಿಟ್ಟುಕೊಳ್ಳುವ ಪತ್ರಿಕೆ ಜಾಣ ಪತ್ರಿಕೆ. ಜಾಲತಾಣದಿಂದ ನೇರವಾಗಿ ಬರುವ ಹಣವಂತೂ ಜಿಲ್ಲಾ ಪತ್ರಿಕೆಯ ಕಾಗದದ ಖರ್ಚಿಗೂ ಸಾಲದು. ಹುಟ್ಟುಹಬ್ಬದ ಶುಭಾಶಯ, ಚಿನ್ನದಂಗಡಿಯ ಹಬ್ಬದ ರಿಯಾಯಿತಿ, ಶ್ರದ್ಧಾಂಜಲಿ ಇವುಗಳನ್ನು ‘ಸ್ಟೇಟಸ್ಸಿಗೂ ಹಾಕುತ್ತೇವೆ’ ಎಂದು ಸೇರಿಸಿ ಮಾರಿ ಸಂಪಾದಿಸಿದ್ದೇ ಲಾಭ. ಆ ಜಾಹೀರಾತನ್ನು ತರುವವನೂ, ಬೆಳಗಿನ ಜಾವ ಪತ್ರಿಕೆಯ ಕಟ್ಟು ಬಿಚ್ಚುವವನೂ, ಸಂಜೆ ‘ರಜೆ ಉಂಟಾ?’ ಎಂಬುದಕ್ಕೆ ಉತ್ತರ ಕೊಡುವವನೂ ಎಷ್ಟೋ ತಾಲ್ಲೂಕುಗಳಲ್ಲಿ ಒಬ್ಬನೇ ಅರೆಕಾಲಿಕ ವರದಿಗಾರ. ಅವನಿಗೆ ಸಲ್ಲುವ ಗೌರವಧನದಲ್ಲಿ ಮೊಬೈಲಿನ ರೀಚಾರ್ಜು ಸೇರಿದೆಯೇ ಎಂದು ಕೇಳಿದರೆ ಮಾಲೀಕರು ಸಾಮಾನ್ಯವಾಗಿ ಮಾತು ಬದಲಿಸುತ್ತಾರೆ.