ಗಿಣ್ಣು: ಮೊದಲ ಪಾಲು ಕರುವಿಗೆ, ಆಮೇಲೆ ನಮ್ಮ ಪಂಕ್ತಿಗೆ

'ಚೀಸ್' ಎಂದರೇನು ಅಂತ ಇಂಗ್ಲಿಷ್ - ಕನ್ನಡ ನಿಘಂಟು ತೆರೆದು ನೋಡಿ. 'ಗಿಣ್ಣು' ಎಂಬ ಅರ್ಥ ಸಿಗುತ್ತದೆ. ಹಟ್ಟಿಯಲ್ಲಿ ದನ ಕಟ್ಟಿದವರು ಇದನ್ನು ಅಷ್ಟು ಸುಲಭಕ್ಕೆ ಒಪ್ಪಲಿಕ್ಕಿಲ್ಲ. ಪೇಟೆಯ ಬೇಕರಿಯಲ್ಲಿ ಸಿಗುವ ಉಪ್ಪುಪ್ಪು ಚೀಸ್ ಎಲ್ಲಿ, ಏಲಕ್ಕಿ ಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು ಎಲ್ಲಿ! ಆದರೂ ನಿಘಂಟಿನವರನ್ನು ಪೂರ್ತಿ ತಪ್ಪೆನ್ನುವಂತಿಲ್ಲ. ಎರಡೂ ಹಾಲು ಗಟ್ಟಿಯಾಗಿ ಆದದ್ದೇ. ಗಟ್ಟಿಯಾಗುವ ದಾರಿ ಮಾತ್ರ ಬೇರೆ.

ಈ ದಾರಿ ತಿಳಿದುಕೊಂಡರೆ ಗಿಣ್ಣು ಚೆನ್ನಾಗಿ ಮಾಡಬಹುದು. ಅದಕ್ಕಿಂತ ಮುಖ್ಯ, ಗಿಣ್ಣು ತಿನ್ನುವ ಸಂಭ್ರಮದಲ್ಲಿ ಕರುವಿಗೆ ಎಷ್ಟು ಬಿಡಬೇಕು ಎನ್ನುವುದೂ ಸ್ಪಷ್ಟವಾಗುತ್ತದೆ.

ಹಾಲು ಗಟ್ಟಿಯಾಗುವ ಮೂರು ದಾರಿ

ಹಾಲಿನಲ್ಲಿ ಎರಡು ಬಗೆಯ ಸಸಾರಜನಕ (ಪ್ರೋಟೀನ್) ಇದೆ. ಐದರಲ್ಲಿ ನಾಲ್ಕು ಪಾಲು ಕೇಸೀನ್. ಉಳಿದ ಒಂದು ಪಾಲು ಹಾಲು ಒಡೆದಾಗ ತಿಳಿನೀರಿನ ಜತೆ ಹೋಗುವಂಥದ್ದು.

ಮೊದಲ ದಾರಿ ಹುಳಿ. ಬಿಸಿ ಹಾಲಿಗೆ ಲಿಂಬೆಹುಳಿ ಹಿಂಡಿದರೆ ಕೇಸೀನ್ ಗಂಟು ಕಟ್ಟಿ ಬೇರೆಯಾಗುತ್ತದೆ. ಬಟ್ಟೆಯಲ್ಲಿ ಸೋಸಿ ಭಾರ ಹೇರಿದರೆ ಅದೇ ಪನೀರ್. ಹತ್ತು ಲೀಟರ್ ದನದ ಹಾಲಿಗೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಪನೀರ್ ಸಿಕ್ಕೀತು. ಎಮ್ಮೆ ಹಾಲು ಮಂದ. ಎರಡು ಕಿಲೋ ಹತ್ತಿರ ಬರುತ್ತದೆ.

ಎರಡನೆಯ ದಾರಿ ರೆನೆಟ್. ಹಾಲು ಕುಡಿದ ಎಳೆ ಕರು ಒಮ್ಮೊಮ್ಮೆ ಕಕ್ಕಿದರೆ ಬಿಳಿ ಗಂಟು ಬೀಳುವುದನ್ನು ನೀವು ನೋಡಿರಬಹುದು. ಕರುವಿನ ನಾಲ್ಕನೆಯ ಹೊಟ್ಟೆಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವೊಂದು ಇದೆ. ಹಾಲು ನೀರಿನಂತೆ ಜಾರಿಹೋಗದೆ ನಿಧಾನಕ್ಕೆ ಜೀರ್ಣವಾಗಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು. ಯುರೋಪಿನವರು ಕಡಿದ ಎಳೆಗರುವಿನ ಈ ಹೊಟ್ಟೆಯಿಂದಲೇ ರೆನೆಟ್ ತೆಗೆದು ಚೀಸ್ ಮಾಡುತ್ತಾ ಬಂದರು. ಪೋರ್ಚುಗಲ್ಲಿನ ಕುರಿಗಾಹಿಗಳು ಒಂದು ಬಗೆಯ ಮುಳ್ಳುಗಿಡದ ಒಣ ಹೂವಿನಿಂದಲೂ ಹಾಲು ಹೆಪ್ಪುಗಟ್ಟಿಸುತ್ತಾರೆ. ಸೂಕ್ಷ್ಮಜೀವಿಗಳ ಸಹಾಯದಿಂದ ತಯಾರಿಸಿದ ಇದೇ ಕಿಣ್ವಕ್ಕೆ ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಅಂಗಡಿಯ ಚೀಸ್ ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಗುರುತು ಕಂಡರೆ ಅದಕ್ಕೆ ಕರುವಿನ ಹೊಟ್ಟೆಯ ರೆನೆಟ್ ಹಾಕಿಲ್ಲ ಎಂದು ಅರ್ಥ.

ಮೂರನೆಯ ದಾರಿ ಬರೀ ಶಾಖ. ದಿನದ ಹಾಲನ್ನು ಎಷ್ಟು ಕುದಿಸಿದರೂ ಉಕ್ಕುತ್ತದೆ, ಕೆನೆಕಟ್ಟುತ್ತದೆ; ಗಟ್ಟಿಯಾಗುವುದಿಲ್ಲ. ಗಿಣ್ಣು ಹಾಲು ಹಾಗಲ್ಲ. ಹುಳಿ ಬೇಡ, ಹೆಪ್ಪು ಬೇಡ, ಬಿಸಿ ತಾಗಿದರೆ ಸಾಕು. ಯಾಕೆ?

ಮೊದಲ ಹಾಲಿನಲ್ಲಿ ಏನಿದೆ?

ದಿನದ ಹಾಲಿನಲ್ಲಿ ಸಸಾರಜನಕ ನೂರಕ್ಕೆ 3ರಿಂದ 3.5 ಪಾಲು. ಕರು ಹಾಕಿದ ಮೇಲೆ ಮೊದಲ ಸಲ ಕರೆದ ಹಾಲಿನಲ್ಲಿ ಸುಮಾರು 14 ಪಾಲು! ಎರಡನೆಯ ಹೊತ್ತಿಗೆ ಅದು 8ರ ಆಸುಪಾಸಿಗೆ ಇಳಿಯುತ್ತದೆ. ಮೂರನೆಯ ಹೊತ್ತಿಗೆ 5. ತಳಿ, ಮೇವು, ಎಷ್ಟನೆಯ ಕರು ಎಂಬುದರ ಮೇಲೆ ಸ್ವಲ್ಪ ಹಿಂದುಮುಂದು ಆದೀತು.

ಹೆಚ್ಚಿಗೆ ಇರುವುದು ಕೇಸೀನ್ ಮಾತ್ರವಲ್ಲ. ರೋಗ ತಡೆಯುವ ಸಸಾರಜನಕಗಳೇ ಅದರಲ್ಲಿ ದೊಡ್ಡ ಪಾಲು. ಇವಕ್ಕೆ ಕೋಳಿಮೊಟ್ಟೆಯ ಬಿಳಿಭಾಗದ ಹಾಗೆ ಬಿಸಿ ತಾಗಿದರೆ ಗಟ್ಟಿಯಾಗುವ ಗುಣ. ಹಬೆಗಿಟ್ಟ ಗಿಣ್ಣು ಹಾಲು ಅಲುಗಾಡದೆ ಕೂರುವ ಗುಟ್ಟು ಇದೇ. ಡೇರಿಯವರು ಕರು ಹಾಕಿದ ಮೊದಲ ದಿನಗಳ ಹಾಲು ಬೇಡ ಎನ್ನುವುದಕ್ಕೂ ಇದು ಕಾರಣ. ಬಿಸಿ ಮಾಡುವಾಗ ಇದು ಉಳಿದ ಹಾಲನ್ನೂ ಕೆಡಿಸುತ್ತದೆ.

ಅಂದರೆ ನಾವು ಬಾಯಿ ಚಪ್ಪರಿಸಿ ತಿನ್ನುವ ಗಿಣ್ಣಿನ ಗಟ್ಟಿತನ ಎಂದರೆ ಕರುವಿನ ರೋಗನಿರೋಧಕ ಶಕ್ತಿಯೇ. ಬೇಯಿಸಿದ ಮೇಲೆ ನಮಗೆ ಅದು ಒಳ್ಳೆಯ ಆಹಾರ, ಅಷ್ಟೆ. ಕರುವಿಗೆ ಅದು ಜೀವ.

ಕರುವಿನ ಲೆಕ್ಕ

ಮನುಷ್ಯರ ಮಗುವಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೋಗ ತಡೆಯುವ ಶಕ್ತಿ ಸ್ವಲ್ಪ ಬಂದಿರುತ್ತದೆ. ಕರು ಹಾಗಲ್ಲ. ದನದ ಮಾಸದ ಮೂಲಕ ಆ ಶಕ್ತಿ ದಾಟುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣು ಹಾಲಿನಲ್ಲಿರುವುದನ್ನು ಅದರ ಕರುಳು ಹಾಗೇ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಆದರೆ ಈ ಬಾಗಿಲು ಹುಟ್ಟಿದ ಗಳಿಗೆಯಿಂದಲೇ ಮುಚ್ಚಿಕೊಳ್ಳತೊಡಗುತ್ತದೆ. ಮೊದಲ ಆರು ತಾಸು ಬಹಳ ಬೆಲೆಯುಳ್ಳದ್ದು. ಒಂದು ದಿನ ಕಳೆದ ಮೇಲೆ ಎಷ್ಟು ಕುಡಿಸಿದರೂ ರಕ್ತಕ್ಕೆ ಸೇರುವುದಿಲ್ಲ.

ನಮ್ಮ ಕಡೆ ಇನ್ನೂ ಕೆಲವರು 'ಮಾಸ ಬೀಳದೆ ಕೆಚ್ಚಲು ಮುಟ್ಟಬಾರದು' ಎನ್ನುತ್ತಾರೆ. ಮಾಸ ಬೀಳಲು ಕೆಲವೊಮ್ಮೆ ಅರ್ಧ ದಿನ ಬೇಕು. ಅಷ್ಟರಲ್ಲಿ ಬಾಗಿಲು ಅರ್ಧ ಮುಚ್ಚಿರುತ್ತದೆ. ನೆರೆಮನೆಯಲ್ಲಿ ಹೀಗೆ ಕಾದು ಕೂತ ಒಂದು ಕರು ಐದನೆಯ ದಿನಕ್ಕೆ ಬಿಳಿ ಭೇದಿ ಹಿಡಿದು ಉಳಿಯಲಿಲ್ಲ. ಒಳ್ಳೆಯ ತಾಯಿಯ ಹೆಣ್ಣುಕರು. ಭೇದಿಗೆ ಬೇರೆ ಕಾರಣವೂ ಇದ್ದಿರಬಹುದು. ಆದರೆ ಹೊಟ್ಟೆಗೆ ಗಿಣ್ಣು ಹಾಲು ಬೀಳದ ಕರು ಅಂಥ ರೋಗವನ್ನು ಎದುರಿಸಲಾರದು. ನಿಜ ಹೇಳಬೇಕೆಂದರೆ ಕರು ಚೀಪಿದರೆ ಮಾಸ ಬೀಳಲು ಸಹಾಯವೇ ಆಗುತ್ತದೆ. ಚೀಪಿದಾಗ ಹಾಲು ಸೊರೆಯಿಸುವ ಹಾರ್ಮೋನೇ ಗರ್ಭಕೋಶವನ್ನೂ ಹಿಂಡುತ್ತದೆ.

ಅಳತೆ ಸುಲಭ. ಕರುವಿನ ತೂಕದ ಹತ್ತನೆಯ ಒಂದು ಪಾಲು. ಮಿಶ್ರತಳಿಯ 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಮಲೆನಾಡು ಗಿಡ್ಡದ ಹತ್ತು ಕಿಲೋ ಕರುವಿಗೆ ಒಂದು ಲೀಟರ್. ಹುಟ್ಟಿದ ಒಂದೆರಡು ತಾಸಿನೊಳಗೆ ಇದರ ಬಹುಪಾಲು ಹೊಟ್ಟೆ ಸೇರಬೇಕು. ಹನ್ನೆರಡು ತಾಸಿನೊಳಗೆ ಇನ್ನೊಮ್ಮೆ ಕುಡಿಯಬೇಕು. ಕರು ನಿಲ್ಲಲಾರದಿದ್ದರೆ ಕರೆದು ಬಾಟ್ಲಿಯಲ್ಲಿ ಕುಡಿಸಿ. ಒತ್ತಾಯಕ್ಕೆ ಗಂಟಲಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋದೀತು.

ಗಿಡ್ಡ ದನ ಮೊದಲ ಹೊತ್ತಿಗೆ ಕೊಡುವುದೇ ಒಂದು, ಒಂದೂವರೆ ಲೀಟರ್. ಹಾಗಾಗಿ ಗಿಡ್ಡದ ಮೊದಲ ಹಾಲಿನಲ್ಲಿ ನಮಗೆ ಪಾಲು ಕೇಳುವ ಹಾಗೇ ಇಲ್ಲ. ಹೆಚ್ಚು ಹಾಲಿನ ದನವಾದರೆ ಮಿಗುತ್ತದೆ. ಹಾಗೆ ಮಿಕ್ಕಿದ್ದರಲ್ಲಿ ಒಂದು ಲೀಟರನ್ನು ಶುಚಿಯಾದ ಬಾಟ್ಲಿಯಲ್ಲಿ ತುಂಬಿ, ತಾರೀಕು ಬರೆದು ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿಡಿ. ಒಂದು ವರ್ಷದವರೆಗೆ ಉಳಿಯುತ್ತದೆ. ತಾಯಿ ಸತ್ತ ಕರು, ಕೆಚ್ಚಲುಬಾವಿನ ದನದ ಕರು ಯಾರ ಮನೆಯಲ್ಲಿ ಬಂದರೂ ಉಪಯೋಗಕ್ಕೆ ಬರುತ್ತದೆ. ಕರಗಿಸಲು ಬಾಟ್ಲಿಯನ್ನು ಕೈ ಇಡಬಹುದಾದಷ್ಟು ಬಿಸಿಯ ನೀರಿನಲ್ಲಿಟ್ಟರೆ ಸಾಕು. ಒಲೆಯ ಮೇಲಿಟ್ಟರೆ ಅದು ಗಿಣ್ಣೇ ಆಗಿಬಿಡುತ್ತದೆ!

ಯುರೋಪಿಗೆ ಚೀಸ್, ನಮಗೆ ತುಪ್ಪ

ಹಾಲು ಹೆಚ್ಚಿದ್ದಾಗ ಉಳಿಸಿಡುವುದು ಹೇಗೆ ಎಂಬ ಪ್ರಶ್ನೆ ಎಲ್ಲ ದೇಶದ ರೈತರಿಗೂ ಇತ್ತು. ಫ್ರಾನ್ಸಿನ ಪೂರ್ವದಲ್ಲಿ ಜೂರಾ ಎಂಬ ಬೆಟ್ಟಸೀಮೆ ಇದೆ. ಅಲ್ಲಿನ 'ಕೊಂತೆ' ಚೀಸಿನ ಒಂದು ಚಕ್ರ ಸುಮಾರು 40 ಕಿಲೋ. ಅದಕ್ಕೆ 400 ಲೀಟರ್ ಹಾಲು ಬೇಕು. ನಾಲ್ಕಾರು ದನ ಇದ್ದ ರೈತ ಒಬ್ಬನೇ ಎಲ್ಲಿಂದ ತರುವುದು? ಊರವರೆಲ್ಲ ಹಾಲು ಒಟ್ಟುಮಾಡಿ ಚೀಸ್ ಮಾಡುವ ಕ್ರಮ ಅಲ್ಲಿ 13ನೇ ಶತಮಾನದಷ್ಟು ಹಳೆಯದು. ನಮ್ಮ ಹಾಲಿನ ಸೊಸೈಟಿಗಳ ಮುತ್ತಜ್ಜ ಎನ್ನಿ. ಹೀಗೆ ಮಾಡಿದ್ದನ್ನು ತಣ್ಣನೆಯ ನೆಲಮಾಳಿಗೆಯಲ್ಲಿ ಕನಿಷ್ಠ ನಾಲ್ಕು ತಿಂಗಳು ಹಣ್ಣು ಮಾಡುತ್ತಾರೆ. ಹಿಮ ಬಿದ್ದ ಕಾಲಕ್ಕೆ ಅದೇ ಊಟ.

ನಮ್ಮ ಸೆಕೆಗೆ ಆ ನೆಲಮಾಳಿಗೆ ಎಲ್ಲಿದೆ? ನಾವು ಹಾಲಿನ ಕೊಬ್ಬನ್ನು ಕಾಯಿಸಿ ತುಪ್ಪ ಮಾಡಿ ಉಳಿಸಿದೆವು. ಸಸಾರಜನಕವನ್ನು ಮಜ್ಜಿಗೆಯಾಗಿ ಆಯಾ ದಿನವೇ ಕುಡಿದೆವು. ಅವರು ಎರಡನ್ನೂ ಸೇರಿಸಿ ಗಟ್ಟಿ ಮಾಡಿಟ್ಟರು. ಜಾಣತನ ಎರಡೂ ಕಡೆ ಇದೆ. ಗಿಣ್ಣು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಉಳಿಸುವುದಕ್ಕಲ್ಲ, ಹಂಚುವುದಕ್ಕೆ.

ನಮ್ಮನೆಯ ಅಳತೆ

ಮೊದಲ ಹೊತ್ತಿನ ಹಾಲು ಒಂದು ಲೋಟವಾದರೆ ದಿನದ ಹಾಲು ಎರಡು ಲೋಟ. ಎರಡನೆಯ ಹೊತ್ತಿನದಾದರೆ ಒಂದಕ್ಕೆ ಅರ್ಧ ಲೋಟ. ಮೂರನೆಯ ಹೊತ್ತಿನದಕ್ಕೆ ಏನೂ ಬೆರೆಸುವಂತಿಲ್ಲ; ಬೆರೆಸಿದರೆ ಕೂರುವುದಿಲ್ಲ. ಮೇಲೆ ಕೊಟ್ಟ 14, 8, 5ರ ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. ಸಂಶಯವಿದ್ದರೆ ಒಂದು ಚಮಚದಷ್ಟನ್ನು ಮೊದಲು ಬೇಯಿಸಿ ನೋಡಿ.

ಬೆಲ್ಲವನ್ನು ತಣ್ಣಗಿನ ಹಾಲಿನಲ್ಲೇ ಕರಗಿಸಿ ಸೋಸಿ. ಏಲಕ್ಕಿ ಹಾಕಿ. ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ ಸಣ್ಣ ಹಬೆ ಸಾಕು. ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ಬೆವರುನೀರು ಬೀಳದು. ಉರಿ ಜೋರಾದರೆ ಗಿಣ್ಣು ಬಿಗಿದುಕೊಂಡು ತೂತು ತೂತಾಗಿ ನೀರು ಬಿಡುತ್ತದೆ. ಚೂರಿ ಹಾಕಿದರೆ ಅಂಟದೆ ಬರಬೇಕು. ಆರಿದ ಮೇಲೆಯೇ ತುಂಡು ಮಾಡಿ.

ಎರಡು ಎಚ್ಚರಿಕೆ. ಗಿಣ್ಣು ಹಾಲನ್ನು ಹಸಿಯಾಗಿ ರುಚಿ ನೋಡಬೇಡಿ. ಕಂದು ಹಾಕುವ ರೋಗ ದನದಿಂದ ಮನುಷ್ಯರಿಗೂ ಬರುತ್ತದೆ. ಕೆಚ್ಚಲುಬಾವು ಇದ್ದ, ಅಥವಾ ಬತ್ತಿಸುವಾಗ ಮೊಲೆಗೆ ಔಷಧಿ ಏರಿಸಿದ ದನದ್ದಾದರೆ ಪಶುವೈದ್ಯರನ್ನು ಕೇಳಿಯೇ ಬಳಸಿ.

ಮನೆಯ ಗಿಣ್ಣು ಯಾಕೆ ಬೇಕು?

ಪೇಟೆಯಲ್ಲಿ 'ಗಿಣ್ಣು' ಎಂದು ಮಾರುವುದರಲ್ಲಿ ಎಷ್ಟೋ ಸಲ ಇರುವುದು ಹಾಲು, ಸಕ್ಕರೆ ಮತ್ತು ಚೈನಾಗ್ರಾಸ್. ಚೈನಾಗ್ರಾಸ್ ಕಡಲ ಪಾಚಿಯಿಂದ ತೆಗೆದದ್ದು. ತಿಂದರೆ ತೊಂದರೆ ಏನಿಲ್ಲ. ಆದರೆ ಅದಕ್ಕೆ ದನವೂ ಬೇಡ, ಕರುವೂ ಬೇಡ.

ನಮ್ಮಲ್ಲಿ ಗಿಣ್ಣು ಮಾಡಿದರೆ ಐದಾರು ಮನೆಗೆ ಒಂದೊಂದು ತಟ್ಟೆ ಹೋಗುತ್ತದೆ. ತಟ್ಟೆ ಖಾಲಿಯಾಗಿ ಹಿಂದೆ ಬರುವುದಿಲ್ಲ. ನಾಲ್ಕು ಬಾಳೆಹಣ್ಣೋ ಒಂದು ಮುಷ್ಟಿ ಅಕ್ಕಿಯೋ ಇರುತ್ತದೆ. "ಹೆಣ್ಣುಕರುವಾ?" ಎಂದು ಕೇಳಿಯೇ ಕೇಳುತ್ತಾರೆ. ಮೊದಲು ಆ ಮನೆಗಳಲ್ಲೂ ದನ ಇತ್ತು, ವರ್ಷದಲ್ಲಿ ನಾಲ್ಕಾರು ಸಲ ಅಲ್ಲಿಂದ ನಮಗೂ ಬರುತ್ತಿತ್ತು. ಈಗ ಹಟ್ಟಿ ಉಳಿಸಿಕೊಂಡವರು ನಾವು ಮತ್ತು ಇನ್ನೊಂದು ಮನೆಯವರು ಮಾತ್ರ. ಹಾಗಾಗಿ ಒಂದು ಕರುವೂ ನಮಗೆ ಸಣ್ಣದಲ್ಲ. ಅದು ಬದುಕಿದರೆ ಮೂರು ನಾಲ್ಕು ವರ್ಷಕ್ಕೆ ಅದರದ್ದೇ ಗಿಣ್ಣು.

ನಿಮ್ಮ ಕಡೆ ಗಿಣ್ಣಿಗೆ ಏನು ಬೆರೆಸುತ್ತೀರಿ? ಎಷ್ಟನೆಯ ಹೊತ್ತಿನ ಹಾಲು ತೆಗೆಯುತ್ತೀರಿ? ಕರುವಿಗೆ ಎಷ್ಟು ಬಿಡುತ್ತೀರಿ? ಪತ್ರಿಕೆಗೆ ಬರೆಯಿರಿ, ಉಳಿದವರಿಗೂ ಗೊತ್ತಾಗಲಿ.